ರೆಟ್ರೋ ಶೂಟರ್: ಮೊದಲು ಕಾಲು, ಆಮೇಲೆ ಬಂದೂಕು

ಹಳೇ ಗೇಮ್‌ಗಳಂತೆ ಕಾಣುವ ಹೊಸ ಶೂಟರ್‌ಗಳಿಗೆ ‘ಬೂಮರ್ ಶೂಟರ್’ ಅಂತ ಒಂದು ಅಡ್ಡಹೆಸರಿದೆ. ದಪ್ಪ ಪಿಕ್ಸೆಲ್, ಚೌಕ ಚೌಕ ಮುಖದ ರಾಕ್ಷಸರು, ಕಿವಿ ತುಂಬುವ ಮೆಟಲ್ ಸಂಗೀತ. ನಾನು ಇವುಗಳ ಕಡೆ ಬಂದದ್ದು ಮಿಲಿಟರಿ ಶೂಟರ್‌ಗಳನ್ನು ಆಡಿ ಆಡಿ ಬೇಜಾರಾದ ಮೇಲೆ. ಅಲ್ಲಿ ಗೋಡೆಯ ಹಿಂದೆ ಕೂರಬೇಕು, ತಲೆ ಎತ್ತಿ ಎರಡು ಗುಂಡು ಹೊಡೆಯಬೇಕು, ಮತ್ತೆ ಕೂರಬೇಕು. ಸ್ವಲ್ಪ ಹೊತ್ತು ಸುಮ್ನೆ ಇದ್ದರೆ ಗಾಯ ತಾನಾಗಿಯೇ ವಾಸಿಯಾಗುತ್ತದೆ. ಇಲ್ಲಿ ಆ ಆಟ ನಡೆಯುವುದಿಲ್ಲ. ನಿಂತವನು ಕೆಟ್ಟ.

ಶುರು ಮಾಡಿದ್ದು ಡಸ್ಕ್‌ನಿಂದ. ಡೇವಿಡ್ ಸಿಮಾನ್ಸ್ಕಿ ಮಾಡಿದ ಗೇಮ್, 2018ರ ಡಿಸೆಂಬರ್ 10ರಂದು ಪೂರ್ತಿಯಾಗಿ ಬಂತು. 1993ರಲ್ಲಿ ಈ ಜಾತಿಯ ಹಳೇ ಹೆಸರಾಂತ ಶೂಟರ್ ಡೂಮ್ ಬಂದದ್ದೂ ಡಿಸೆಂಬರ್ 10ರಂದೇ. ಕಣ್ಣು ಬಿಟ್ಟರೆ ನೆಲಮಾಳಿಗೆ. ಕೈಯಲ್ಲಿ ಎರಡು ಕುಡುಗೋಲು. ಚೈನ್‌ಸಾ ಹಿಡಿದ ಮೂವರು ಸೀದಾ ಮೈಮೇಲೆ ಬರುತ್ತಾರೆ. ಪಾಠ ಇಲ್ಲ, ಪೀಠಿಕೆ ಇಲ್ಲ, ‘ಓಡಲು ಈ ಕೀ ಒತ್ತಿ’ ಅನ್ನುವ ಬೋರ್ಡೂ ಇಲ್ಲ. ಆ ಪುಟ್ಟ ಕೋಣೆಯೇ ಪಾಠ. ಹಿಂದಕ್ಕೆ ಸರಿಯುತ್ತಾ ಹೋದರೆ ಗೋಡೆ ಸಿಕ್ಕಿ ಸಾಯುತ್ತೀರಿ. ಪಕ್ಕಕ್ಕೆ ಸುತ್ತಿದರೆ ಬದುಕುತ್ತೀರಿ.

ಆಡುವುದಕ್ಕೆ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಸ್ವಲ್ಪ ಹೊತ್ತು ಕಳೆದದ್ದು ತುಂಬಾ ಉಪಯೋಗಕ್ಕೆ ಬಂತು. ಮೊದಲು ಮಾಡಿದ್ದು ಫೀಲ್ಡ್ ಆಫ್ ವ್ಯೂ, ಅಂದರೆ ಪರದೆಯಲ್ಲಿ ಕಾಣುವ ನೋಟದ ಅಗಲ, ಜಾಸ್ತಿ ಮಾಡಿದ್ದು. ನನಗೆ 105 ಡಿಗ್ರಿಯ ಹತ್ತಿರ ಹಿತವಾಗಿದೆ. ಪಕ್ಕದಿಂದ ಬರುವವರು ಕಾಣಬೇಕಲ್ವಾ? ಆಮೇಲೆ ನಡೆಯುವಾಗ ತಲೆ ಮೇಲೆ ಕೆಳಗೆ ಆಡುವ ಹೆಡ್ ಬಾಬಿಂಗ್ ತೆಗೆದೆ. ಈ ಗೇಮ್‌ಗಳ ವೇಗಕ್ಕೆ ತಲೆ ಸುತ್ತು ಬರುವವರು ಬೇಕಾದಷ್ಟು ಜನ ಇದ್ದಾರೆ. ಅವರು ಮೊದಲು ಮುಟ್ಟಬೇಕಾದದ್ದು ಈ ಎರಡನ್ನೇ. ಕೈ ಜೋರಾಗಿ ಆಡಿಸಿದಷ್ಟೂ ನೋಟ ಹೆಚ್ಚು ತಿರುಗುವ ಮೌಸ್ ಆಕ್ಸೆಲರೇಷನ್ ಪೂರ್ತಿ ಬಂದ್. ಮೌಸ್ ಎಷ್ಟು ಚುರುಕಾಗಿರಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಸುಲಭ. ಮಣಿಕಟ್ಟಿಗೆ ನೋವಾಗದ ಹಾಗೆ ಒಂದು ಸಲ ಎಳೆದರೆ ಪೂರ್ತಿ ಹಿಂದಕ್ಕೆ ತಿರುಗಬೇಕು, ಅಷ್ಟೆ.

ಚಿತ್ರವನ್ನು ಇನ್ನೂ ಒರಟಾಗಿಸುವ ಪಿಕ್ಸೆಲ್ ಎಫೆಕ್ಟ್ ಕೂಡ ಇದೆ. ನೋಡುವುದಕ್ಕೆ ಚಂದ. ಆದರೆ ದೂರದಲ್ಲಿ ನಿಂತಿರುವುದು ಮರವೋ ಶತ್ರುವೋ ಗೊತ್ತಾಗುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯುವಾಗ ಹಾಕಿಕೊಳ್ಳುತ್ತೇನೆ, ಆಡುವಾಗ ಇಲ್ಲ.

ಈಗ ಓಡಾಟದ ಮಾತು. ಓಡಾಟ ಯಾಕೆ ಇಷ್ಟು ಕೆಲಸ ಮಾಡುತ್ತದೆ ಅನ್ನುವುದು ಡೂಮ್‌ನ ಅಂಕಿಗಳನ್ನು ನೋಡಿದರೆ ತಿಳಿಯುತ್ತದೆ. ಡೂಮ್ ಸೆಕೆಂಡಿಗೆ 35 ಸಲ ಲೆಕ್ಕ ಹಾಕುತ್ತದೆ. ಪ್ರತಿ ಸಲಕ್ಕೂ ಇಂಪ್ ಅನ್ನುವ ರಾಕ್ಷಸ ಎಸೆದ ಬೆಂಕಿ ಉಂಡೆ 10 ಅಳತೆ ಮುಂದೆ ಹೋಗುತ್ತದೆ. ಓಡುತ್ತಿರುವ ನಾವು ಹೆಚ್ಚುಕಮ್ಮಿ 16 ಅಳತೆಗಿಂತ ಜಾಸ್ತಿ ಹೋಗುತ್ತೇವೆ. ಅಂದರೆ ನಮ್ಮನ್ನು ಕೊಲ್ಲಲು ಬರುವ ಬೆಂಕಿಗಿಂತ ನಮ್ಮ ಕಾಲೇ ಜೋರು! ಹೊಸ ಗೇಮ್‌ಗಳು ಹಿಡಿದುಕೊಂಡಿರುವ ಗುಟ್ಟು ಇದೇ. ಡಸ್ಕ್‌ನಲ್ಲೂ ನಮ್ಮ ಕಡೆ ಬರುವುದು ಹೆಚ್ಚಾಗಿ ಕಣ್ಣಿಗೆ ಕಾಣುವಂಥದ್ದು. ಗಾಳಿಯಲ್ಲಿ ತೇಲಿ ಬರುತ್ತದೆ, ದಾರಿ ಬಿಟ್ಟರೆ ಪಕ್ಕದಲ್ಲಿ ಹೋಗುತ್ತದೆ. ಕಾಣದ ಹಾಗೆ ಆ ಕ್ಷಣವೇ ತಗಲುವ ಗುಂಡಿಗೆ ಹಿಟ್‌ಸ್ಕ್ಯಾನ್ ಅಂತಾರೆ. ಡೂಮ್‌ನ ಶಾಟ್‌ಗನ್ ಹಿಡಿದ ಸೈನಿಕರು ಆ ಜಾತಿ. ಅವರ ಮುಂದೆ ಕುಣಿದು ಪ್ರಯೋಜನವಿಲ್ಲ, ಎಲ್ಲರಿಗಿಂತ ಮೊದಲು ಅವರನ್ನೇ ಮುಗಿಸಬೇಕು.

ನಾನು ಕಲಿತ ಮೊದಲ ನಡೆ ಸರ್ಕಲ್ ಸ್ಟ್ರೇಫ್. ಬಲಕ್ಕೆ ಸರಿಯುವ ಡಿ ಕೀ ಒತ್ತಿ ಹಿಡಿದು, ಮೌಸನ್ನು ನಿಧಾನವಾಗಿ ಎಡಕ್ಕೆ ತಿರುಗಿಸುತ್ತಾ ಹೋಗುವುದು. ಶತ್ರು ನಡುವೆ, ನಾವು ಸುತ್ತ. ಕಣ್ಣು ಅವನ ಮೇಲೇ ಇರುತ್ತದೆ, ಕಾಲು ನಿಲ್ಲುವುದೇ ಇಲ್ಲ. ಕೇಳುವುದಕ್ಕೆ ಸುಲಭ. ಕಷ್ಟ ಇರುವುದು ಬೆನ್ನ ಹಿಂದೆ ಏನಿದೆ ಅನ್ನುವುದರಲ್ಲಿ, ಯಾಕೆಂದರೆ ಪಕ್ಕಕ್ಕೆ ಓಡುವಾಗ ದಾರಿ ಕಾಣುವುದಿಲ್ಲ. ಕಂಬಕ್ಕೆ ತಗುಲಿ ಅರೆಕ್ಷಣ ನಿಂತರೂ ಎಲ್ಲ ಉಂಡೆಗಳೂ ಒಟ್ಟಿಗೆ ಬಂದು ಬಡಿಯುತ್ತವೆ. ಅದಕ್ಕೆ ದೊಡ್ಡ ಕೋಣೆಗೆ ಹೋದ ಕೂಡಲೇ ಗುಂಡು ಹಾರಿಸುವ ಆಸೆಯನ್ನು ತಡೆದುಕೊಂಡು ಒಂದು ಸುತ್ತು ಸುಮ್ನೆ ಓಡುತ್ತೇನೆ. ಕಂಬ ಎಲ್ಲಿದೆ, ಜೀವ ತುಂಬುವ ಹೆಲ್ತ್ ಎಲ್ಲಿ ಬಿದ್ದಿದೆ, ತಪ್ಪಿಸಿಕೊಳ್ಳುವ ಬಾಗಿಲು ಯಾವ ಕಡೆ, ಇಷ್ಟು ತಲೆಗೆ ಹೋಗುತ್ತದೆ.

ಈ ಸುತ್ತಾಟಕ್ಕೆ ಇನ್ನೊಂದು ಲಾಭ ಇದೆ. ಒಬ್ಬ ಎಸೆದದ್ದು ಇನ್ನೊಬ್ಬನಿಗೆ ತಗುಲಿದರೆ ಅವರವರಲ್ಲೇ ಜಗಳ ಶುರು. ಡೂಮ್‌ನಿಂದ ಬಂದ ಪದ್ಧತಿ, ಡಸ್ಕ್‌ನಲ್ಲೂ ಇದೆ. ಇಬ್ಬರು ಒಂದೇ ಸಾಲಿನಲ್ಲಿ ಬರುವ ಹಾಗೆ ಓಡಿ, ಹಿಂದಿನವನು ಎಸೆಯುವವರೆಗೆ ಕಾದು, ಪಕ್ಕಕ್ಕೆ ಸರಿದುಬಿಡುವುದು. ಗುಂಡು ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ನೋಡುವುದಕ್ಕೆ ಭಾರೀ ಮಜಾ.

ಬನಿ ಹಾಪ್, ಅಂದರೆ ಮೊಲದ ಹಾಗೆ ಹಾರುತ್ತಾ ಹಾರುತ್ತಾ ವೇಗ ಏರಿಸುವುದು, ಕಲಿಯುವುದಕ್ಕೆ ಜಾಸ್ತಿ ದಿನ ಹಿಡಿಯಿತು. ಇದರ ಮೂಲ 1996ರ ಕ್ವೇಕ್. ಆ ಗೇಮ್ ವೇಗಕ್ಕೆ ಮಿತಿ ಹಾಕುತ್ತದೆ, ಆದರೆ ನಾವು ಒತ್ತಿದ ದಿಕ್ಕಿನಲ್ಲಿ ಎಷ್ಟು ವೇಗ ಇದೆ ಅಂತ ಮಾತ್ರ ನೋಡುತ್ತದೆ. ಮುಂದಕ್ಕೆ ಹಾರುತ್ತಿರುವಾಗ ಪಕ್ಕಕ್ಕೆ ಒತ್ತಿದರೆ ಆ ದಿಕ್ಕಿನಲ್ಲಿ ವೇಗ ಇನ್ನೂ ಸೊನ್ನೆ. ಹಾಗಾಗಿ ಇನ್ನಷ್ಟು ಸೇರಿಸಿಕೊಡುತ್ತದೆ. ನೆಲಕ್ಕೆ ಕಾಲು ತಗುಲಿದ ತಕ್ಷಣ ಮತ್ತೆ ಹಾರಿದರೆ ನೆಲದ ಘರ್ಷಣೆ ವೇಗವನ್ನು ತಿನ್ನುವುದಕ್ಕೂ ಸಮಯ ಸಿಗುವುದಿಲ್ಲ. ಲೆಕ್ಕದಲ್ಲಿ ಉಳಿದುಹೋದ ಸಂದು, ಅದನ್ನೇ ಆಟಗಾರರು ಒಂದು ಕಲೆ ಮಾಡಿಬಿಟ್ಟರು. ಡಸ್ಕ್ ಮಾಡಿದವರು ಅದನ್ನು ಬೇಕೆಂದೇ ಇಟ್ಟುಕೊಂಡಿದ್ದಾರೆ.

ಕಲಿಯುವಾಗ ನಾನು ಮಾಡಿದ್ದು ಇಷ್ಟು. ಶತ್ರುಗಳೆಲ್ಲ ಸತ್ತ ಬಯಲಲ್ಲಿ ಅಭ್ಯಾಸ. ಹಾರಿದ ಮೇಲೆ ಮುಂದಕ್ಕೆ ಹೋಗುವ ಡಬ್ಲ್ಯೂ ಕೀ ಬಿಟ್ಟುಬಿಡುವುದು. ಎಡಕ್ಕೆ ಸರಿಯುವ ಕೀ ಒತ್ತಿದಾಗ ಮೌಸ್ ಕೂಡ ಎಡಕ್ಕೆ, ಬಲಕ್ಕೆ ಒತ್ತಿದಾಗ ಬಲಕ್ಕೆ. ಹಾವಿನ ಹಾಗೆ ಅಂಕುಡೊಂಕಾಗಿ ಹೋಗುತ್ತೀರಿ. ಬೆರಳಿಗೆ ಡಬ್ಲ್ಯೂ ಬಿಡುವುದನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಒಪ್ಪಿದ ಮೇಲೆ ಇಡೀ ನಕ್ಷೆ ಚಿಕ್ಕದಾದಂತೆ ಅನಿಸುತ್ತದೆ.

ಡೂಮ್‌ನಲ್ಲಿ ಇದಕ್ಕಿಂತ ಸುಲಭದ ಉಪಾಯ ಒಂದಿದೆ. ಅಲ್ಲಿ ಓಡುವಾಗ ಮುಂದಕ್ಕೆ 50, ಪಕ್ಕಕ್ಕೆ 40 ಅಂತ ಬೇರೆ ಬೇರೆ ತಳ್ಳು ಸಿಗುತ್ತದೆ. ಎರಡೂ ಕೀ ಒಟ್ಟಿಗೆ ಒತ್ತಿದರೆ ಓರೆಯಾಗಿ ಸುಮಾರು 64. ಬರೀ ಓರೆ ಓಡಿ ಕಾಲುಭಾಗಕ್ಕಿಂತ ಜಾಸ್ತಿ ವೇಗ ಗಿಟ್ಟಿಸಬಹುದು.

ಬಂದೂಕಿನ ಬಗ್ಗೆ ಹೇಳುವುದು ಕಡಿಮೆ. ಡಸ್ಕ್‌ನಲ್ಲಿ ರೀಲೋಡ್ ಮಾಡುವ ರಗಳೆ ಇಲ್ಲ, ಎಲ್ಲ ಆಯುಧವೂ ಒಟ್ಟಿಗೆ ಜೇಬಿನಲ್ಲಿರುತ್ತದೆ. ಹಾಗಾಗಿ ಕೆಲಸ ಅಂದರೆ ಬದಲಾಯಿಸುವುದು. ಮೌಸ್ ಚಕ್ರ ತಿರುಗಿಸಿ ಹುಡುಕುತ್ತಾ ಕೂತರೆ ಗಡಿಬಿಡಿಯಲ್ಲಿ ಬೇಕಾದದ್ದು ದಾಟಿಹೋಗುತ್ತದೆ. ನಂಬರ್ ಕೀಗಳೇ ಸರಿ. ಹತ್ತಿರ ಬಂದವರಿಗೆ ಸೂಪರ್ ಶಾಟ್‌ಗನ್, ಸಾಲಾಗಿ ಬಂದವರಿಗೆ ಒಬ್ಬನನ್ನು ದಾಟಿ ಇನ್ನೊಬ್ಬನನ್ನು ಚುಚ್ಚುವ ಕ್ರಾಸ್‌ಬೋ, ಉಳಿದದ್ದಕ್ಕೆ ಸ್ಫೋಟಿಸುವ ರಿವೆಟರ್. ಒಳ್ಳೆ ಗುಂಡನ್ನು ಕೊನೆಗೆ ಅಂತ ಕೂಡಿಡುವ ಬುದ್ಧಿ ಬೇಡ. ಲೆವೆಲ್ ಮಾಡಿದವರು ಕೈಬಿಚ್ಚಿ ಕೊಟ್ಟಿರುತ್ತಾರೆ.

ಅಂದ ಹಾಗೆ, ಡಸ್ಕ್‌ನಲ್ಲಿ ಅಲ್ಲಲ್ಲಿ ಒಂದು ಸೋಪಿನ ಬಿಲ್ಲೆ ಅಡಗಿಸಿಟ್ಟಿದ್ದಾರೆ. ಎತ್ತಿ ಎಸೆದು ನೋಡಿ. ನಾನು ಹೇಳುವುದಿಲ್ಲ.

ಗುಪ್ತ ಕೋಣೆಗಳನ್ನು ಹುಡುಕುವುದು ನನ್ನ ಮಟ್ಟಿಗೆ ಈ ಗೇಮ್‌ಗಳ ಅರ್ಧ ಸುಖ. ಗೋಡೆಯ ಚಿತ್ರ ಒಂದು ಕಡೆ ಸಾಲು ತಪ್ಪಿದ್ದರೆ ಅಲ್ಲಿ ಏನೋ ಇದೆ. ಹತ್ತಲಾಗದ ಕಡೆ ಹೆಲ್ತ್ ಕಾಣುತ್ತಿದ್ದರೆ ಹತ್ತುವ ದಾರಿ ಇದ್ದೇ ಇರುತ್ತದೆ. ಲೆವೆಲ್ ಖಾಲಿಯಾದ ಮೇಲೆ ಗೋಡೆ ತಟ್ಟುತ್ತಾ ಅಲೆಯುವುದು ಕೆಲವರಿಗೆ ಕಾಟ. ಅವರು ಬಿಟ್ಟು ಮುಂದೆ ಹೋಗಬಹುದು, ಕಥೆಗೆ ಏನೂ ನಷ್ಟ ಇಲ್ಲ. ಕಥೆ ಇರುವುದೇ ಅಷ್ಟರಲ್ಲಿ!

ಆಟದ ನಡುವೆ ಒಂದೇ ಕೀಯಲ್ಲಿ ಸೇವ್ ಮಾಡುವ ಕ್ವಿಕ್‌ಸೇವ್ ಬಗ್ಗೆ ಜನ ವಾದ ಮಾಡುತ್ತಾರೆ. ನಾನು ಕೋಣೆಗೆ ಮುಂಚೆ ಸೇವ್ ಮಾಡುತ್ತೇನೆ, ಕೋಣೆಯ ನಡುವೆ ಮಾಡುವುದಿಲ್ಲ. ಪ್ರತಿ ಹೊಡೆತಕ್ಕೂ ಸೇವ್ ಮಾಡಿದರೆ ಓಡಾಟ ಕಲಿಯುವುದೇ ಇಲ್ಲ, ಅದೃಷ್ಟ ಬರುವ ತನಕ ಲೋಡ್ ಮಾಡುತ್ತಾ ಇರುತ್ತೇವೆ.

ಡಸ್ಕ್ ಮುಗಿಸಿದವರು ಮುಂದೆ ಏನು ಆಡಬಹುದು? ನಾನು ಹಿಡಿದದ್ದು ಅಲ್ಟ್ರಾಕಿಲ್. 2020ರಲ್ಲಿ ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಪೂರ್ತಿ ಮುಗಿಯುವ ಮುಂಚೆಯೇ, ಮಾರಾಟಕ್ಕೆ ಬಂತು. ಅಲ್ಲಿ ಹೆಲ್ತ್ ಬರುವುದು ಹತ್ತಿರದಿಂದ ಹೊಡೆದಾಗ ಚಿಮ್ಮುವ ರಕ್ತದಿಂದ. ಸಾಯುವ ಸ್ಥಿತಿಯಲ್ಲಿದ್ದರೆ ಹಿಂದಕ್ಕೆ ಓಡುವ ಹಾಗಿಲ್ಲ, ಮುಂದಕ್ಕೇ ನುಗ್ಗಬೇಕು. ಡಸ್ಕ್‌ನಲ್ಲಿ ಕಲಿತ ಕಾಲು ಇಲ್ಲದೆ ಅದಕ್ಕೆ ಇಳಿಯಬೇಡಿ. ಇಷ್ಟು ವೇಗ ಬೇಡ, ವಾತಾವರಣ ಬೇಕು ಅನ್ನುವವರಿಗೆ 1986ರ ಚೆಕೊಸ್ಲೊವಾಕಿಯಾದಲ್ಲಿ ನಡೆಯುವ ಹ್ರೋಟ್ ಇದೆ. ಕಂದು ಬಣ್ಣ, ಕಾಂಕ್ರೀಟ್ ಕಟ್ಟಡ, ವಿಚಿತ್ರ ತಮಾಷೆ. 90ರ ದಶಕದ ಶೂಟರ್‌ಗಳನ್ನು ಮಾಡುತ್ತಿದ್ದ ಹಳೇ ಸಾಫ್ಟ್‌ವೇರ್ ಬಿಲ್ಡ್ ಎಂಜಿನ್‌ನಲ್ಲೇ ಮಾಡಿದ 2019ರ ಅಯಾನ್ ಫ್ಯೂರಿಯನ್ನು ಇವೆರಡರ ನಂತರ ಇಟ್ಟುಕೊಳ್ಳಿ. ಅದರ ಲೆವೆಲ್‌ಗಳು ಉದ್ದ, ಬಾಗಿಲು ತೆರೆಯುವ ಕೀ ಹುಡುಕಾಟ ಜಾಸ್ತಿ, ಪುರುಸೊತ್ತು ಬೇಕು.