ಹೆಬ್ಬೆರಳಿಗೆ ಬುದ್ಧಿ ಕಲಿಸಿದ್ದು

ಗಿಟಾರ್ ಹಿಡಿದು ಹತ್ತು ವರ್ಷ ಆಗಿತ್ತು, ಆದ್ರೂ 'ಗೆಟ್ಸ್/ಜಿಲ್ಬರ್ಟೊ' ಆಲ್ಬಮ್‌ನ ಒಂದೇ ಒಂದು ಹಾಡು, 'ಗರ್ಲ್ ಫ್ರಮ್ ಇಪನೀಮಾ', ಸರಿಯಾಗಿ ನುಡಿಸೋಕೆ ನಂಗೆ ಹತ್ರ ಹತ್ರ ಆರು ತಿಂಗಳು ಹಿಡೀತು. ಕೇಳೋಕೆ ಅಷ್ಟು ಸಲೀಸು, ಯಾರೋ ಪಕ್ಕದಲ್ಲೇ ಕೂತು ತಮ್ಮಷ್ಟಕ್ಕೆ ಗುನುಗ್ತಿದಾರೆ ಅನ್ಸುತ್ತೆ, ನಾನೂ ಅದನ್ನ ನಂಬಿ ಒಂದು ಶನಿವಾರ ಭಾನುವಾರದ ಕೆಲಸ ಅಂದ್ಕೊಂಡು ಕೈ ಹಾಕ್ದೆ.

ಕೇಳಿಲ್ದೇ ಇರೋರಿಗೆ ಹೇಳ್ತೀನಿ, 1963ರ ಮಾರ್ಚಲ್ಲಿ ನ್ಯೂಯಾರ್ಕಲ್ಲಿ ಎರಡೇ ದಿನದಲ್ಲಿ ರೆಕಾರ್ಡ್ ಆಗಿ 1964ರಲ್ಲಿ ಹೊರಬಂದ ಆಲ್ಬಮ್ ಇದು. ಬೋಸಾ ನೋವಾ ಅಂತಾರೆ, ಬ್ರೆಜಿಲ್‌ನ ಸಾಂಬಾ ಕುಣಿತದ ಲಯಕ್ಕೆ ಜಾಝ್ ಬೆರೆಸಿದ ಶೈಲಿ. ಕೂಲ್ ಜಾಝ್‌ನ ಸ್ಟಾನ್ ಗೆಟ್ಸ್ ಸ್ಯಾಕ್ಸೊಫೋನು, ಬ್ರೆಜಿಲ್‌ನ ಜೊಆವೊ ಜಿಲ್ಬರ್ಟೊ ಗಿಟಾರು ಮತ್ತೆ ಹಾಡು, ಪಿಯಾನೋದಲ್ಲಿ ಬ್ರೆಜಿಲ್‌ನವರೇ ಆದ ಸಂಗೀತ ಸಂಯೋಜಕ ಜೊಬೀಮ್. ಎಂಟು ಹಾಡಲ್ಲಿ ಆರರ ಟ್ಯೂನು ಜೊಬೀಮ್‌ದೇ. 1965ರಲ್ಲಿ ವರ್ಷದ ಆಲ್ಬಮ್ ಅಂತ ಗ್ರ್ಯಾಮಿನೂ ಬಂತು. ಎಲ್ರಿಗೂ ಗೊತ್ತಿರೋದು ಜೊಆವೊ ಅವರ ಆಗಿನ ಹೆಂಡತಿ ಆಸ್ಟ್ರುಡ್ ಇಂಗ್ಲಿಷಲ್ಲಿ ಹಾಡಿರೋ 'ಗರ್ಲ್ ಫ್ರಮ್ ಇಪನೀಮಾ', ಆ ಹಾಡನ್ನ ಬೇರೆಯಾಗಿ ಸಿಂಗಲ್ ರೆಕಾರ್ಡ್ ಮಾಡುವಾಗ ಜೊಆವೊ ಪೋರ್ಚುಗೀಸಲ್ಲಿ ಹಾಡಿದ್ದ ಭಾಗನೇ ಕತ್ತರಿಸಿ ಎಸೆದ್ರು, ನಂಗೆ ಅದೇ ಹೊಟ್ಟೆಉರಿ.

ನಾನು ಶುರು ಮಾಡಿದ್ದೇ ತಪ್ಪು. ಸ್ಟೀಲ್ ತಂತಿ ಗಿಟಾರು, ಕೈಯಲ್ಲಿ ತಂತಿ ಮೀಟೋ ಪಿಕ್ಕು, ಝರ್ ಅಂತ ಬಾರಿಸ್ತಿದ್ದೆ. ಇದು ನೈಲಾನ್ ತಂತಿಯ ಕೆಲಸ. ಹೆಬ್ಬೆರಳು ಕೆಳಗಿನ ಸ್ವರ ಹಿಡಿದು ಒಂದೇ ಸಮ ದುಂ ದುಂ ಅಂತ ನಡೀಬೇಕು, ಸಾಂಬಾದ ದೊಡ್ಡ ಡೋಲಿನ ಹಾಗೆ, ಮಿಕ್ಕ ಮೂರು ಬೆರಳು ಒಟ್ಟಿಗೆ ಕಾರ್ಡ್ (ಒಂದೇ ಸಲಕ್ಕೆ ನುಡಿಯೋ ಸ್ವರಗಳ ಗುಂಪು) ಎಳೀಬೇಕು, ಅದೂ ಹೆಚ್ಚಾಗಿ ಹೆಬ್ಬೆರಳು ಬೀಳದ ಜಾಗದಲ್ಲಿ. ಬೆರಳು ಎಳೆದ ತಕ್ಷಣ ಹೆಬ್ಬೆರಳೂ ಹಿಂದೆನೇ ಓಡೋದು, ಎರಡು ತಿಂಗಳು ಇದೇ ಕಥೆ.

ಕೊನೆಗೆ ಕೈ ಹಿಡಿದಿದ್ದು ಚಿಕ್ಕವನಿದ್ದಾಗ ಅರ್ಧಕ್ಕೆ ಬಿಟ್ಟಿದ್ದ ಮೃದಂಗ. ಪುಸ್ತಕದಲ್ಲಿ ಕೊಡೋ ಬೋಸಾ ನೋವಾ ತಾಳದ ಪ್ಯಾಟರ್ನ್ ಹದಿನಾರು ಮಾತ್ರೆ, ಬಾಯಲ್ಲಿ ಹೇಳಿದ್ರೆ ತಕಿಟ ತಕಿಟ ತಕಧಿಮಿ ತಕಿಟ ತಕಿಟ, ಅಷ್ಟೇ! ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಬೆರಳು, ನಾಲ್ಕು ನಾಲ್ಕು ಮಾತ್ರೆಗೆ ಹೆಬ್ಬೆರಳು. ಲೆಕ್ಕ ಹಾಕಿ ನೋಡಿ, ಎರಡೂ ಒಟ್ಟಿಗೆ ಬೀಳೋದು ಮೊದಲನೇ ಮಾತ್ರೆಯಲ್ಲಿ ಮಾತ್ರ. ಗಿಟಾರ್ ಪಕ್ಕಕ್ಕಿಟ್ಟು ತೊಡೆ ಮೇಲೆ ಒಂದು ವಾರ ತಟ್ಟಿದೆ, ಆಮೇಲೆ ಕೂತ್ಕೊಂತು.

ಕೂತ್ಕೊಂತು ಅಂತ ರೆಕಾರ್ಡ್ ಹಾಕ್ಕೊಂಡು ಜೊತೆಗೆ ನುಡಿಸಿದ್ರೆ ಎಲ್ಲಾ ಎಡವಟ್ಟು. ಒಂದು, ನಾನು ಪುಸ್ತಕ ನೋಡಿ ಎಫ್ ಶ್ರುತಿಯಲ್ಲಿ ಕಲ್ತಿದ್ದೆ, ಅವ್ರು ಹಾಡಿರೋದು ಡಿ ಫ್ಲಾಟ್‌ನಲ್ಲಿ. ಅದಕ್ಕಿಂತ ದೊಡ್ಡದು ಅಂದ್ರೆ ಜೊಆವೊ ಈ ಪ್ಯಾಟರ್ನನ್ನ ಉದ್ದಕ್ಕೂ ಹಾಗೇ ನುಡಿಸೋದೇ ಇಲ್ಲ, ಸಾಲು ಬದಲಾದ ಹಾಗೆ ಬೆರಳಿನ ಏಟು ಹಿಂದೆ ಮುಂದೆ ಆಗ್ತಾನೇ ಇರುತ್ತೆ, ಹೆಬ್ಬೆರಳು ಮಾತ್ರ ಗಡಿಯಾರ. ಸ್ಪೀಡ್ ಕಮ್ಮಿ ಮಾಡ್ಕೊಂಡು ನಾಲ್ಕು ನಾಲ್ಕು ಬಾರ್ (ತಾಳದ ಒಂದೊಂದು ಸುತ್ತು) ಕೇಳಿ ಕೇಳಿ ಬರ್ಕೊಂಡೆ.

ಹಾಡೋದು ಇನ್ನೂ ಕಷ್ಟ ಮಾರಾಯ್ರೆ. ದನಿ ಎತ್ತೋ ಹಾಗಿಲ್ಲ, ನಡುಗಿಸೋ ಹಾಗಿಲ್ಲ, ಮಾತಾಡಿದ ಹಾಗೆ ಹೇಳ್ಬೇಕು, ಸಾಲು ಒಮ್ಮೆ ಗಿಟಾರಿಗಿಂತ ಮುಂಚೆ ಮುಗಿಯುತ್ತೆ, ಒಮ್ಮೆ ತಡವಾಗಿ ಶುರುವಾಗುತ್ತೆ. ನಾನು ಬಾಯಿ ತೆಗೆದ್ರೆ ಸಾಕು ಕೈ ಅದರ ಹಿಂದೆ ಹೋಗೋದು. ಅದಕ್ಕೆ ನಾನು ಮಾಡಿದ ಉಪಾಯ ಯಾವ ಪುಸ್ತಕದಲ್ಲೂ ನೋಡಿಲ್ಲ, ನುಡಿಸ್ತಾ ನುಡಿಸ್ತಾ ಹೆಂಡತಿ ಜೊತೆ ತರಕಾರಿ ಲಿಸ್ಟ್ ಮಾತಾಡೋದು. "ಬೀನ್ಸ್ ಅರ್ಧ ಕೆಜಿ ಸಾಕಾ ರೀ?" ಅಂದಾಗ ಕೈ ನಿಲ್ಲಿಸದೆ ಉತ್ತರ ಕೊಡೋಕೆ ಬಂದ ದಿನ ಹಾಡೂ ಬಂತು.

ಮೊನ್ನೆ ಫ್ರೆಂಡ್ ಮನೆ ಟೆರೇಸಲ್ಲಿ ಪೂರ್ತಿ ನುಡಿಸ್ದೆ. ಮುಗಿದ ಮೇಲೆ ಒಬ್ಬ, "ಟ್ಯೂನಿಂಗ್ ಆಯ್ತಾ? ಶುರು ಮಾಡು" ಅಂದ. ಈಗ ಅದೇ ಆಲ್ಬಮ್‌ನ 'ದೊರಾಲಿಸೆ' ಹಾಡು ಹಿಡ್ಕೊಂಡಿದೀನಿ, ಹೆಬ್ಬೆರಳು ಮತ್ತೆ ಓಡ್ತಾ ಇದೆ.