ಕೇರ್ನ್ಸ್‌ನಿಂದ ಮೆಲ್ಬರ್ನ್‌ಗೆ: ಕದಲದ ಗಂಟೆಗಳನ್ನು ಮೊದಲು ಬರೆದುಕೊಂಡೆ

ಆಸ್ಟ್ರೇಲಿಯಾದ ಪೂರ್ವ ಕರಾವಳಿಯನ್ನು ಕಾರಿನಲ್ಲೇ ನೋಡಬೇಕು ಎನ್ನುವವರಿದ್ದಾರೆ. ತಿಂಗಳುಗಟ್ಟಲೆ ರಜೆ ಇದ್ದವರಿಗೆ ಆ ಮಾತು ಸರಿ. ಕೇರ್ನ್ಸ್‌ನಿಂದ ಬ್ರಿಸ್ಬೇನ್‌ಗೆ ರಸ್ತೆಯಲ್ಲಿ ಸುಮಾರು 1,700 ಕಿ.ಮೀ., ಅಲ್ಲಿಂದ ಸಿಡ್ನಿಗೆ ಸುಮಾರು 900, ಸಿಡ್ನಿಯಿಂದ ಮೆಲ್ಬರ್ನ್‌ಗೆ ಮತ್ತೆ ಹೆಚ್ಚುಕಡಿಮೆ ಅಷ್ಟೇ. ನಮ್ಮ ರಜೆ ಚಿಕ್ಕದಿತ್ತು. ನಾನು, ಹೆಂಡತಿ, ತಂಗಿ ಮೂವರೇ. ಉತ್ತರದ ಕೇರ್ನ್ಸ್ ಎದುರಿನ ಹವಳದ ದಂಡೆಯಿಂದ (ಗ್ರೇಟ್ ಬ್ಯಾರಿಯರ್ ರೀಫ್) ದಕ್ಷಿಣದ ಸುಣ್ಣಕಲ್ಲಿನ ಬಂಡೆಗಳವರೆಗೆ ಒಂದೇ ಸಲ ನೋಡಿಬಿಡಬೇಕೆಂಬ ಆಸೆ ಮೂವರಿಗೂ ಇತ್ತು. ಹಾಗಾಗಿ ಊರಿಂದ ಊರಿಗೆ ವಿಮಾನ ಎಂದು ತೀರ್ಮಾನವಾಯಿತು.

ಟಿಕೆಟ್ ಬೆಲೆ ನೋಡುವುದಕ್ಕೂ ಮೊದಲು ನಾನು ಒಂದು ಹಾಳೆಯಲ್ಲಿ ಯಾರು ಏನೇ ಮಾಡಿದರೂ ಕದಲದ ಸಂಗತಿಗಳನ್ನು ಬರೆದುಕೊಂಡೆ. ವಿಮಾನ ದಿನಕ್ಕೆ ಹಲವು ಇರುತ್ತವೆ, ಹೋಟೆಲ್ ಒಂದಲ್ಲದಿದ್ದರೆ ಇನ್ನೊಂದು. ಆದರೆ ಹವಳದ ದಂಡೆಗೆ ಹೋಗುವ ದೋಣಿ ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟರೆ ಸಂಜೆಯೇ ಹಿಂದಿರುಗುವುದು. ಸ್ಕೂಬಾ ಡೈವಿಂಗ್ ಮಾಡಿದ ಮೇಲೆ ಇಷ್ಟು ಗಂಟೆ ವಿಮಾನ ಹತ್ತಬಾರದು ಎಂಬುದು ಮೈಯ ನಿಯಮ. ಸಿಡ್ನಿ ವಿಮಾನ ನಿಲ್ದಾಣಕ್ಕೆ ರಾತ್ರಿ ನಿರ್ಬಂಧ ಇರುವುದು ಕಾನೂನು. ಪ್ರವಾಸದ ಇಡೀ ಚೌಕಟ್ಟು ಇಂಥವುಗಳ ಮೇಲೆ ನಿಲ್ಲುತ್ತದೆ, ಉಳಿದದ್ದೆಲ್ಲ ಅವುಗಳ ಸುತ್ತ ಹೊಂದಿಕೊಳ್ಳುತ್ತದೆ.

ಕಾಲವನ್ನು ಆರಿಸಿದ್ದು ಕೂಡ ಹೀಗೇ. ಕೇರ್ನ್ಸ್ ಕಡೆ ನವೆಂಬರ್‌ನಿಂದ ಚಂಡಮಾರುತದ ಕಾಲ; ಕುಟುಕುವ ಜೆಲ್ಲಿಮೀನುಗಳು ದಡಕ್ಕೆ ಬರುವುದೂ ಸುಮಾರು ಅದೇ ಹೊತ್ತಿಗೆ. ಜುಲೈಯಲ್ಲಿ ಹೋದರೆ ಉತ್ತರದಲ್ಲಿ ಹಿತ, ಮೆಲ್ಬರ್ನ್‌ನಲ್ಲಿ ಕೊರೆಯುವ ಚಳಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು ಎರಡು ತುದಿಗೂ ಒಪ್ಪುವ ಕಿಟಕಿ. ಅದು ಅಲ್ಲಿನ ಶಾಲೆಗಳಿಗೆ ವಸಂತದ ರಜೆಯ ಸಮಯವೂ ಹೌದು. ಆದ್ದರಿಂದ ದೋಣಿಯಲ್ಲಿ ಮೂರು ಜಾಗ ಮೊದಲು ಕಾಯ್ದಿರಿಸಿದೆ, ವಿಮಾನ ಆಮೇಲೆ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ.

ಉತ್ತರದಿಂದ ದಕ್ಷಿಣಕ್ಕೆ ಇಳಿಯುವುದೋ, ದಕ್ಷಿಣದಿಂದ ಹತ್ತುವುದೋ ಎಂಬ ಚರ್ಚೆ ಮನೆಯಲ್ಲಿ ನಡೆಯಿತು. ನಾನು ಉತ್ತರವನ್ನೇ ಮೊದಲು ಇಟ್ಟೆ. ಸಮುದ್ರದ ಮನಸ್ಸನ್ನು ಯಾರೂ ಹೇಳಲಾರರು. ಗಾಳಿ ಜೋರಾದರೆ ದೋಣಿ ಹೊರಡದೆ ಇರಬಹುದು. ಪ್ರವಾಸದ ಕೊನೆಗೆ ಇಟ್ಟುಕೊಂಡ ದೋಣಿ ರದ್ದಾದರೆ ಹವಳ ಕೈತಪ್ಪಿದಂತೆಯೇ. ಮೊದಲಿಗೆ ಇಟ್ಟುಕೊಂಡರೆ ಮರುದಿನ ಹೋಗಬಹುದು. ಅದಕ್ಕಾಗಿ ಕೇರ್ನ್ಸ್‌ನಲ್ಲಿ ದೋಣಿಯ ದಿನದ ಮರುದಿನವನ್ನು ಖಾಲಿ ಇಟ್ಟೆ.

ಆ ಖಾಲಿ ದಿನಕ್ಕೆ ಇನ್ನೊಂದು ಕೆಲಸವೂ ಇತ್ತು. ನಾನು ಮತ್ತು ತಂಗಿ ಡೈವಿಂಗ್ ಮಾಡುವವರು. ನೀರಿನಾಳದ ಒತ್ತಡದಲ್ಲಿ ಉಸಿರಾಡುವಾಗ ರಕ್ತ, ಮಾಂಸಖಂಡಗಳಲ್ಲಿ ನೈಟ್ರೋಜನ್ ಕರಗಿ ಸೇರಿಕೊಳ್ಳುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ವಿಮಾನ ಹತ್ತಿದರೆ, ಕ್ಯಾಬಿನ್ನಿನ ಕಡಿಮೆ ಒತ್ತಡದಲ್ಲಿ ಅದು ಗುಳ್ಳೆಗಳಾಗಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನನ್ನೂ ತರಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಡೈವಿಂಗ್ ವೈದ್ಯರ ಸಲಹೆ. 24 ಗಂಟೆ ಬಿಡಿ ಎನ್ನುವವರೇ ಹೆಚ್ಚು, ನಾನೂ ಅವರ ಪಕ್ಷ.

"ಅಣ್ಣ, ಅಷ್ಟು ದೂರ ಹೋಗಿ ಒಂದು ದಿನ ಸುಮ್ನೆ ಕೂರೋದಾ? ಕುರಂಡಾಗಾದ್ರೂ ಹೋಗೋಣ," ಎಂದಳು ತಂಗಿ. ಕುರಂಡಾ ಎಂದರೆ ಕೇರ್ನ್ಸ್‌ನ ಬೆನ್ನಿಗಿರುವ ಬೆಟ್ಟದ ಮೇಲಿನ ಊರು. ಹಳೆಯ ರೈಲುದಾರಿ, ಕಾಡಿನ ಮೇಲೆ ಸಾಗುವ ಕೇಬಲ್ ಕಾರು, ಎರಡೂ ಚೆಂದ. ಆದರೆ ಊರು 300 ಮೀಟರಿಗಿಂತ ತುಸು ಎತ್ತರದಲ್ಲಿದೆ, ಕೇಬಲ್ ಕಾರು ಅದಕ್ಕಿಂತ ಎಷ್ಟೋ ಮೇಲೆ ಹಾದುಹೋಗುತ್ತದೆ. ಡೈವ್ ಮಾಡಿದ ಮೈಗೆ ಬೆಟ್ಟ ಹತ್ತುವುದೂ ವಿಮಾನ ಹತ್ತುವ ಜಾತಿಯದೇ. ಅದಕ್ಕೆ ಕುರಂಡಾವನ್ನು ದೋಣಿಗಿಂತ ಮುಂಚಿನ ದಿನಕ್ಕೆ ಹಾಕಿದೆ. ಡೈವ್ ಆದ ಮರುದಿನ ಎಸ್‌ಪ್ಲನೇಡ್‌ನ ದಡದಲ್ಲಿ ನಡೆದಾಡಿದೆವು, ಅಲ್ಲಿನ ಉಪ್ಪುನೀರಿನ ಲಗೂನ್ ಕೊಳದಲ್ಲಿ ಈಜಿದೆವು. ಊರಿನ ಎದುರಿನ ಕಡಲಿಗೆ ಇಳಿಯುವಂತಿಲ್ಲ: ಇಳಿತದಲ್ಲಿ ಬರೀ ಕೆಸರು, ಜತೆಗೆ ಮೊಸಳೆ. ಹೆಂಡತಿ ಸ್ನಾರ್ಕಲಿಂಗ್ ಅಷ್ಟೇ ಮಾಡಿದ್ದಳು, ಅವಳಿಗೆ ಈ ಕಟ್ಟುಪಾಡು ಯಾವುದೂ ಇರಲಿಲ್ಲ. ನೀರಿನ ಮೇಲ್ಮೈಯಲ್ಲೇ ತೇಲುವವರು ಮರುದಿನ ಬೆಳಿಗ್ಗೆಯೇ ಹಾರಬಹುದು.

ವಿಮಾನದ ಲೆಕ್ಕಕ್ಕೆ ಬರುತ್ತೇನೆ. ಕೇರ್ನ್ಸ್–ಬ್ರಿಸ್ಬೇನ್ ಎರಡೂಕಾಲು ಗಂಟೆಯ ಸುಮಾರು; ಬ್ರಿಸ್ಬೇನ್–ಸಿಡ್ನಿ, ಸಿಡ್ನಿ–ಮೆಲ್ಬರ್ನ್ ಒಂದೊಂದೂ ಒಂದೂವರೆ ಗಂಟೆಯ ಆಸುಪಾಸು. ಈ ಅಂಕಿಗಳನ್ನು ನಂಬಿಕೊಂಡು ದಿನ ಹಂಚಬಾರದು. ನಾನು ಒಂದು ಹೋಟೆಲಿನ ಕೀಲಿ ಕೊಟ್ಟಾಗಿನಿಂದ ಇನ್ನೊಂದು ಹೋಟೆಲಿನ ಕೀಲಿ ಕೈಗೆ ಬರುವವರೆಗೆ ಎಣಿಸುತ್ತೇನೆ. ಹಾಗೆ ಎಣಿಸಿದರೆ ಅತಿ ಚಿಕ್ಕ ಹಾರಾಟಕ್ಕೂ ಐದು ಗಂಟೆ ಹಿಡಿಯುತ್ತದೆ, ಅಂದರೆ ಅರ್ಧ ದಿನ ಹೋಯಿತು. ಆದ್ದರಿಂದ ಒಂದೂರಿಗೆ ಕಡಿಮೆಯೆಂದರೆ ಎರಡು ರಾತ್ರಿ, ಅದಕ್ಕಿಂತ ಕಡಿಮೆಯಾಗುವ ಊರನ್ನು ಪಟ್ಟಿಯಿಂದ ತೆಗೆದುಹಾಕಿದೆ. ಕೇರ್ನ್ಸ್, ಬ್ರಿಸ್ಬೇನ್ ನಡುವಿನ ವಿಟ್‌ಸಂಡೇ ದ್ವೀಪಗಳು ಬಿಟ್ಟುಹೋದದ್ದು ಹೀಗೆ. ವಿಮಾನ, ಬಸ್ಸು, ದೋಣಿ ಮೂರೂ ಒಂದೇ ದಿನ ಕೂಡಿಬರಬೇಕಿತ್ತು. ಬೇಸರವಾಯಿತು, ಆದರೂ ಈಗಲೂ ಅದನ್ನೇ ಮಾಡುತ್ತೇನೆ.

ಬ್ರಿಸ್ಬೇನ್‌ನಲ್ಲಿ ಸಿಗುವುದು ನದಿ, ತೆರೆದ ಕಡಲಲ್ಲ. ಕಡಲಿಗಾಗಿ ನಾವು ನಾರ್ತ್ ಸ್ಟ್ರಾಡ್‌ಬ್ರೋಕ್ ದ್ವೀಪಕ್ಕೆ ಹೋದೆವು. ಕ್ಲೀವ್‌ಲ್ಯಾಂಡ್‌ವರೆಗೆ ರೈಲು, ಅಲ್ಲಿಂದ ಫೆರ್ರಿ, ದ್ವೀಪದಲ್ಲಿ ಬಸ್ಸು. ಪಾಯಿಂಟ್ ಲುಕ್‌ಔಟ್‌ನ ಬಂಡೆಯಂಚಿನ ಕಾಲುದಾರಿಯಿಂದ ದಕ್ಷಿಣಕ್ಕೆ ಮರಳುವ ಹಂಪ್‌ಬ್ಯಾಕ್ ತಿಮಿಂಗಿಲಗಳ ಉಸಿರಿನ ಚಿಲುಮೆ ಕಾಣುತ್ತದೆ. ಅವುಗಳ ಜತೆಗೇ ನಾವೂ ದಕ್ಷಿಣಕ್ಕೆ ಹೊರಟಿದ್ದೇವೆ ಎಂದು ತಂಗಿ ಕುಣಿದಾಡಿದಳು. ಬ್ರಿಸ್ಬೇನ್ ಸುತ್ತಮುತ್ತಲಿನ ಸರ್ಕಾರಿ ರೈಲು, ಬಸ್ಸು, ನದಿಯ ಫೆರ್ರಿಗಳಲ್ಲಿ 2024ರ ಆಗಸ್ಟ್‌ನಿಂದ ಎಷ್ಟೇ ದೂರ ಹೋದರೂ 50 ಸೆಂಟ್ ಅಷ್ಟೇ. ವಿಮಾನ ನಿಲ್ದಾಣದ ಏರ್‌ಟ್ರೇನ್ ಮಾತ್ರ ಖಾಸಗಿಯವರದು, ಅದಕ್ಕೆ ಈ ದರವಿಲ್ಲ.

ಗಡಿಯಾರದ ವಿಷಯ ಇಲ್ಲಿಯೇ ಹೇಳಬೇಕು. ಅಕ್ಟೋಬರ್ ಮೊದಲ ಭಾನುವಾರ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ಮತ್ತು ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯಗಳು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಕೇರ್ನ್ಸ್, ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ಇಡುವುದಿಲ್ಲ. ಆ ಭಾನುವಾರ ನಾವು ಬ್ರಿಸ್ಬೇನ್‌ನಲ್ಲೇ ಇರುವಂತೆ ನೋಡಿಕೊಂಡೆ. ಬದಲಾವಣೆಯ ದಿನವೇ ಬೆಳಿಗ್ಗೆ ಬೇಗ ಎದ್ದು ವಿಮಾನ ಹಿಡಿಯುವ ಗೊಂದಲ ಬೇಡವಾಗಿತ್ತು. ಆಮೇಲೆ ಸಿಡ್ನಿಗೆ ಹಾರುವಾಗ ಟಿಕೆಟ್ಟಿನಲ್ಲಿ ಒಂಬತ್ತಕ್ಕೆ ಹೊರಟು ಹನ್ನೊಂದೂವರೆಗೆ ಇಳಿಯುವಂತೆ ಕಾಣುತ್ತದೆ, ಆದರೆ ಹಾರುವುದು ಒಂದೂವರೆ ಗಂಟೆಯೇ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಎರಡರ ಗಡಿಯ ಮೇಲೆಯೇ ಗೋಲ್ಡ್ ಕೋಸ್ಟ್ ವಿಮಾನ ನಿಲ್ದಾಣದ ರನ್‌ವೇ ಇದೆ. ಬೇಸಿಗೆಯಲ್ಲಿ ಅಲ್ಲಿಂದ ಹಾರುವವರು, ಫೋನು ಯಾವ ರಾಜ್ಯದ ಗಂಟೆ ತೋರಿಸುತ್ತಿದೆ ಎಂದು ಎರಡು ಸಲ ನೋಡಿಕೊಳ್ಳುವುದು ಒಳ್ಳೆಯದು.

ಸಿಡ್ನಿಗೆ ಬೆಳಗಿನ ವಿಮಾನವನ್ನೇ ಏಕೆ ಹಿಡಿದೆ? ಅಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ವಿಮಾನಗಳಿಗೆ ನಿರ್ಬಂಧ. 1995ರ ಕಾನೂನು ಅದು. ಅದರ ಮೇಲೆ ಗಂಟೆಗೆ 80 ಏರಿಳಿತಗಳ ಮಿತಿ ಬೇರೆ. ವಸಂತದಲ್ಲಿ ಪಡುವಣ ಗಾಳಿ ಜೋರಾಗಿ ಬೀಸಿದರೆ ಉತ್ತರ–ದಕ್ಷಿಣವಾಗಿರುವ ಎರಡು ರನ್‌ವೇಗಳನ್ನು ಬಿಟ್ಟು ಅಡ್ಡಲಾಗಿರುವ ಒಂದನ್ನೇ ಬಳಸಬೇಕಾಗುತ್ತದೆ. ಆಗ ಬೆಳಿಗ್ಗೆಯ ತಡ ದಿನವಿಡೀ ಬೆಳೆಯುತ್ತಾ ಹೋಗಿ, ರಾತ್ರಿಯ ಕೊನೆಯ ವಿಮಾನಗಳು ಹನ್ನೊಂದರ ಗೋಡೆಗೆ ಬಂದು ಬಡಿಯುತ್ತವೆ. ದುಡ್ಡು ಉಳಿಯುತ್ತದೆಂದು ರಾತ್ರಿ ಒಂಬತ್ತರ ವಿಮಾನ ಹಿಡಿಯುವುದಕ್ಕಿಂತ ಬೆಳಗಿನದಕ್ಕೆ ತುಸು ಹೆಚ್ಚು ಕೊಡುವುದು ನನಗೆ ನೆಮ್ಮದಿ. ಬೆಳಗಿನದು ರದ್ದಾದರೂ ಅದೇ ದಿನ ಇನ್ನೊಂದು ಸಿಕ್ಕೀತು.

ಸಿಡ್ನಿಯಲ್ಲಿ ಇಳಿದ ಮೇಲೆ ಸುಲಭ. ರೈಲು ಕಾಲು ಗಂಟೆಯೊಳಗೆ ನಗರದ ಸೆಂಟ್ರಲ್ ರೈಲು ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಟಿಕೆಟ್ಟಿನ ಜತೆ ನಿಲ್ದಾಣದ ಶುಲ್ಕವೆಂದು ಬೇರೆ ದುಡ್ಡು ಕೀಳುತ್ತಾರೆ, ಮೂರು ಜನ ಇದ್ದರೆ ಟ್ಯಾಕ್ಸಿಯ ಬಾಡಿಗೆಯನ್ನೂ ಒಮ್ಮೆ ನೋಡಿ. ಮ್ಯಾನ್ಲಿಗೆ ಫೆರ್ರಿ, ಬೋಂಡೈಯಿಂದ ಕೂಜೀವರೆಗೆ ಕಡಲಂಚಿನ ಆರು ಕಿ.ಮೀ. ನಡಿಗೆ, ಇವೆರಡನ್ನು ಮಾಡಿದರೆ ನಗರಕ್ಕೆ ಬಂದದ್ದು ಸಾರ್ಥಕ.

ಸಾಮಾನಿನ ಬಗ್ಗೆ ನಾನು ಕಟ್ಟುನಿಟ್ಟು. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆ.ಜಿ. ಮಿತಿ, ಗೇಟಿನ ಬಳಿಯೂ ತೂಗುತ್ತಾರೆ. ಹಾಗಾಗಿ ಮೂವರಿಗೂ 7 ಕೆ.ಜಿ.ಯೊಳಗಿನ ಒಂದೊಂದು ಚೀಲ, ಮೂವರಿಗೆ ಸೇರಿ ಬೆಲ್ಟಿಗೆ ಹಾಕುವ ಒಂದು ಪೆಟ್ಟಿಗೆ. ಬಟ್ಟೆ ಒಗೆಯಲು ಬ್ರಿಸ್ಬೇನ್‌ನಲ್ಲಿ ವಾಷಿಂಗ್ ಮಷಿನ್ ಇರುವ ಮನೆಯನ್ನೇ ಹಿಡಿದೆ. ಇನ್ನೊಂದು ಮಾತು: ದಕ್ಷಿಣಕ್ಕೆ ಹಾರುವಾಗ ಕಡಲು ಎಡಗಡೆ. ಕೇರ್ನ್ಸ್ ಬಿಟ್ಟ ಮೇಲೆ ಎಡಗಿಟಕಿಯಿಂದ ಹವಳದ ತಿಳಿನೀಲಿ ಮಚ್ಚೆಗಳು ಕಾಣುತ್ತವೆ. ಸೂರ್ಯ ನೆತ್ತಿಗೆ ಬಂದಷ್ಟೂ ಬಣ್ಣ ಚೆನ್ನ, ಅದಕ್ಕಾಗಿಯೇ ಅದೊಂದನ್ನು ಮಧ್ಯಾಹ್ನದ ವಿಮಾನ ಮಾಡಿಕೊಂಡೆ.

ಮೆಲ್ಬರ್ನ್ ವಿಮಾನ ನಿಲ್ದಾಣಕ್ಕೆ ಇನ್ನೂ ರೈಲಿಲ್ಲ. ನಮಗೆ ಅದು ಅಡ್ಡಿಯಾಗಲಿಲ್ಲ. ಇಳಿದಲ್ಲೇ ಕಾರು ಬಾಡಿಗೆಗೆ ಪಡೆದು ನಗರಕ್ಕೆ ಹೋಗದೆ ನೇರ ಟಾರ್ಕಿ ಕಡೆಗೆ ಹೊರಟೆವು. ಅಲ್ಲಿಂದ ಶುರುವಾಗುವ ಗ್ರೇಟ್ ಓಷನ್ ರೋಡ್ 243 ಕಿ.ಮೀ. ಉದ್ದದ್ದು, ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಕಡಿದ ದಾರಿ. ಒಂದೇ ದಿನದಲ್ಲಿ ಹೋಗಿ ಬರುವ ಬಸ್ಸುಗಳಿವೆ. ಅವುಗಳಲ್ಲಿ ಕೂರುವುದೇ ಹೆಚ್ಚು, ನೋಡುವುದು ಕಡಿಮೆ. ನಾವು ಅಪೊಲೊ ಬೇಯಲ್ಲಿ ರಾತ್ರಿ ತಂಗಿದೆವು, ಬೆಳಗಿನ ಬೆಳಕಿನಲ್ಲಿ ಟ್ವೆಲ್ವ್ ಅಪಾಸಲ್ಸ್ ಎಂಬ ಸುಣ್ಣಕಲ್ಲಿನ ಬಂಡೆಗಳನ್ನು ನೋಡಿ, ಒಳನಾಡಿನ ಚಿಕ್ಕ ದಾರಿಯಲ್ಲಿ ಹಿಂದಿರುಗಿದೆವು.

ಮನೆಗೆ ಮರಳುವ ವಿಮಾನ ಮೆಲ್ಬರ್ನ್‌ನಿಂದಲೇ. ಬರುವುದು ಒಂದೂರಿಗೆ, ಹೋಗುವುದು ಇನ್ನೊಂದೂರಿಂದ ಎಂದು ಮಲ್ಟಿ-ಸಿಟಿ ಟಿಕೆಟ್ ತೆಗೆದಿದ್ದರಿಂದ ಇಡೀ ಕರಾವಳಿಯನ್ನು ತಿರುಗಿ ಹಾರುವ ಒಂದು ದಿನ ಉಳಿಯಿತು. ಆ ದಿನ ಬೇರೆ ಯಾವ ದೇಶೀಯ ವಿಮಾನವನ್ನೂ ಇಟ್ಟುಕೊಳ್ಳಲಿಲ್ಲ, ಹಿಂದಿನ ರಾತ್ರಿ ನಗರದಲ್ಲೇ ಮಲಗಿದೆವು. ಬೇರೆ ಬೇರೆಯಾಗಿ ಕೊಂಡ ಟಿಕೆಟ್‌ಗಳಲ್ಲಿ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರು ಯಾರೂ ಇರುವುದಿಲ್ಲ.