ಕುದುರೆಗೊಂದು ಡಬ್ಬಿ, ನನಗೊಂದು ಡಬ್ಬಿ

ನನ್ನ ಹೆಣ್ಣು ಕುದುರೆಗೆ ಹಿಂಗಾಲಿನ ಹಾಕ್ ಕೀಲಿನಲ್ಲಿ (ನಮ್ಮ ಕಣಕಾಲಿಗೆ ಸಮನಾದ ಕೀಲು) ಸವೆತ, ನನಗೆ ಎರಡೂ ಮಂಡಿಗಳಲ್ಲಿ ಸವೆತ. ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಇಬ್ಬರ ಎಕ್ಸ್‌ರೇಗಳೂ ಕೈಗೆ ಬಂದವು. ಪಶುವೈದ್ಯರು ಅವಳಿಗೆ ಒಂದು ಪುಡಿ ಹೇಳಿದರು, ಮೂಳೆ ವೈದ್ಯರು ನನಗೆ ಒಂದು ಮಾತ್ರೆ ಬರೆದರು. ಲಾಯದ ಕಪಾಟಿನಲ್ಲಿ ಎರಡನ್ನೂ ಇಟ್ಟು ಲೇಬಲ್ ಓದಿದರೆ ಕೀಲುಗಳಿಗೆಂದು ಕೊಡುವ ಅವೇ ಪೂರಕಗಳ ಹೆಸರುಗಳು: ಗ್ಲುಕೋಸಮೈನ್, ಕಾಂಡ್ರಾಯ್ಟಿನ್, ಎಂಎಸ್ಎಂ, ಹಯಲುರಾನಿಕ್ ಆಮ್ಲ. ಕುದುರೆ ಸಾಕಿದವರು ಒಬ್ಬರನ್ನೊಬ್ಬರು ಯಾವಾಗಲೂ ಕೇಳುವ ಪ್ರಶ್ನೆ ನನಗೂ ಬಂತು. "ಅದರ ಪುಡೀನೇ ನಾನೂ ಒಂದು ಚಮಚ ತಗೊಂಡ್ರೆ ಏನಾಗುತ್ತೆ?"

ಇದು ಹೊಸ ಆಸೆಯಲ್ಲ. ಸ್ಲೋನ್ಸ್ ಲಿನಿಮೆಂಟ್ ಹುಟ್ಟಿದ್ದೇ ಕುದುರೆಗಳಿಗೆ ಹಚ್ಚುವ ಎಣ್ಣೆಯಾಗಿ, ಆಮೇಲೆ ಮನುಷ್ಯರ ಬೆನ್ನಿಗೂ ಬಂತು. ಅಬ್ಸಾರ್ಬೈನ್ 1892ರಲ್ಲಿ ಕುದುರೆಗಳ ಊದಿದ ಕಾಲಿಗೆಂದು ಮಾಡಿದ್ದು. ಯಜಮಾನರೂ ತಮಗೇ ಹಚ್ಚಿಕೊಳ್ಳುತ್ತಿದ್ದುದರಿಂದ 1903ರಲ್ಲಿ ಅದೇ ಕಂಪನಿ ಮನುಷ್ಯರಿಗೆಂದೇ ಅಬ್ಸಾರ್ಬೈನ್ ಜೂನಿಯರ್ ತಂದಿತು. ಮಂಡಿಗೆ ಈಗ ಚುಚ್ಚುವ ಹಯಲುರಾನಿಕ್ ಆಮ್ಲದ ಇಂಜೆಕ್ಷನ್ನನ್ನೂ ಮೊದಲು ಪಡೆದಿದ್ದು ರೇಸ್ ಕುದುರೆಗಳ ಕೀಲುಗಳೇ. ಅಂದರೆ ಅವುಗಳ ಔಷಧ ನಮಗೆ, ನಮ್ಮ ಔಷಧ ಅವಕ್ಕೆ ಓಡಾಡುತ್ತಲೇ ಬಂದಿದೆ. ಯಾವುದು ಓಡಾಡಬಹುದು, ಯಾವುದು ಕೂಡದು ಎಂಬುದನ್ನು ಮಾತ್ರ ಒಂದೊಂದಾಗಿ ನೋಡಬೇಕು.

ಮೊದಲು ಪುಡಿಯ ಲೆಕ್ಕ. ಮನುಷ್ಯರಿಗೆ ಗ್ಲುಕೋಸಮೈನ್ ದಿನಕ್ಕೆ 1,500 ಮಿಲಿಗ್ರಾಂ ಹೇಳುತ್ತಾರೆ. 500 ಕಿಲೋ ತೂಗುವ ಕುದುರೆಗೆ ಸಾಮಾನ್ಯವಾಗಿ 10 ಗ್ರಾಂ. ಕಿಲೋವಾರು ಹಂಚಿದರೆ ಇಬ್ಬರಿಗೂ ಬಹುತೇಕ ಒಂದೇ ಪ್ರಮಾಣ. ಆದರೆ ಡಬ್ಬಿಯೊಳಗಿನ ಅಳತೆ ಚಮಚ ಕುದುರೆಯ ಮೈಗೆ ತಕ್ಕದ್ದು. ಅದರಲ್ಲಿ ತುಂಬಿ ಬರುವುದು ನನ್ನ ಆರೇಳು ದಿನದ ಪಾಲು. ಗ್ಲುಕೋಸಮೈನ್ ಒಂದೇ ಇದ್ದಿದ್ದರೆ ಆ ಚಮಚದ ಏಳನೇ ಒಂದು ಪಾಲು ತೆಗೆದುಕೊಳ್ಳಬಹುದಿತ್ತೇನೋ. ಆದರೆ ಅದೇ ಪುಡಿಯಲ್ಲಿ ಕುದುರೆಗೆ ರುಚಿಸುವ ಪರಿಮಳ, ಅದರ ಮೈತೂಕಕ್ಕೆ ಲೆಕ್ಕ ಹಾಕಿದ ಖನಿಜಗಳು, ಕೆಲವು ಡಬ್ಬಿಗಳಲ್ಲಿ ಗಿಡಮೂಲಿಕೆಗಳೂ ಸೇರಿರುತ್ತವೆ. ಪುಡಿ ಅಲುಗಾಡಿದಾಗ ಸಣ್ಣ ಕಣ ಕೆಳಗೆ, ದಪ್ಪದ್ದು ಮೇಲೆ. ದೊಡ್ಡ ಚಮಚದಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ, ಚಿಟಿಕೆಯಲ್ಲಿ ತೆಗೆದರೆ ಏನು ಬಂತೆಂದು ಹೇಳುವುದೇ ಕಷ್ಟ. ಗ್ಲುಕೋಸಮೈನ್ ಹೆಚ್ಚಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ, ಹಾಗಾಗಿ ಅವು ಆಗದವರು ಡಬ್ಬಿ ತೆರೆಯುವ ಮೊದಲೇ ಕೇಳಬೇಕು. ರಕ್ತ ತೆಳುವಾಗಲು ವಾರ್ಫರಿನ್ ನುಂಗುವವರಿಗೆ ಇದು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಅವಳ ಡಬ್ಬಿಯನ್ನು ಅವಳಿಗೇ ಬಿಟ್ಟೆ.

ಇನ್ನು ಇದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ. ಮನುಷ್ಯರ ಮಂಡಿ ನೋವಿನ ಮೇಲೆ ಅಮೆರಿಕದಲ್ಲಿ ನಡೆದ ಗೇಟ್ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. 1,583 ಜನ, 24 ವಾರ. ಗ್ಲುಕೋಸಮೈನ್ ಆಗಲಿ, ಕಾಂಡ್ರಾಯ್ಟಿನ್ ಆಗಲಿ, ಎರಡೂ ಸೇರಿಯಾಗಲಿ, ಒಟ್ಟಾರೆ ನೋಡಿದರೆ ಔಷಧವಿಲ್ಲದ ಸುಳ್ಳು ಮಾತ್ರೆಗಿಂತ ಗಮನಾರ್ಹವಾಗಿ ಮೇಲೆನಿಸಲಿಲ್ಲ. ಸುಳ್ಳು ಮಾತ್ರೆ ನುಂಗಿದವರಲ್ಲೇ ಸುಮಾರು ಶೇ. 60 ಜನಕ್ಕೆ ನೋವು ಇಳಿದಿತ್ತು. ನೋವು ಜಾಸ್ತಿ ಇದ್ದ ಒಂದು ಸಣ್ಣ ಗುಂಪಿಗೆ ಮಾತ್ರ ಎರಡೂ ಸೇರಿದ ಮಾತ್ರೆಯಿಂದ ಅನುಕೂಲ ಕಂಡಿತು. ಕುದುರೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಾಯಿಂದ ಕೊಟ್ಟ ಗ್ಲುಕೋಸಮೈನ್‌ನಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ ಪಾಲು.

ಸುಳ್ಳು ಮಾತ್ರೆ ಕುದುರೆಗೆ ಗೊತ್ತಾಗುವುದಿಲ್ಲ, ನಿಜ. ಆದರೆ ದುಡ್ಡು ಕೊಟ್ಟು ತಂದವರ ಕಣ್ಣಿಗೆ ಗೊತ್ತಿರುತ್ತದೆ. "ಇವತ್ತು ಚೆನ್ನಾಗಿ ನಡೀತಿದಾಳೆ" ಅನ್ನುವುದು ನಮ್ಮ ಆಸೆಯ ಮಾತೂ ಆಗಿರಬಹುದು. ಅದಕ್ಕೇ ನಾನು ವಿಡಿಯೋ ಶುರುಮಾಡಿದೆ. ಅದೇ ಗಟ್ಟಿ ನೆಲ, ಅದೇ ಗೆರೆ, ಕೆಲಸಕ್ಕೆ ಮೊದಲು. ಹಗ್ಗ ಸಡಿಲ ಬಿಟ್ಟು ಒಬ್ಬರು ಟ್ರಾಟ್ (ನಡಿಗೆಗಿಂತ ತುಸು ಜೋರಾದ ಕುಕ್ಕುಲೋಟ) ಓಡಿಸುತ್ತಾರೆ, ಇನ್ನೊಬ್ಬರು ಹಿಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ತೆಗೆಯುತ್ತಾರೆ. ಹಗ್ಗ ಬಿಗಿ ಹಿಡಿದರೆ ತಲೆ ಆಡುವುದು ಕಾಣುವುದಿಲ್ಲ. ಮುಂಗಾಲು ನೋಯುತ್ತಿದ್ದರೆ ಒಳ್ಳೆಯ ಕಾಲು ಊರಿದಾಗ ತಲೆ ತಗ್ಗುತ್ತದೆ, ನೋಯುವ ಕಾಲು ಊರಿದಾಗ ಮೇಲೇಳುತ್ತದೆ. ಹಿಂಗಾಲಾದರೆ ಸೊಂಟ ನೋಡಬೇಕು. ನೋವಿರುವ ಕಡೆಯದು ಹೆಚ್ಚು ಏರಿಳಿಯುತ್ತದೆ. ಅಳ್ಳೆಯ ಮೇಲಿನ ಮೂಳೆ ತುದಿಗಳೆರಡಕ್ಕೂ ಬಿಳಿ ಟೇಪಿನ ಚುಕ್ಕಿ ಅಂಟಿಸಿದರೆ ಈ ಏರಿಳಿತ ಎದ್ದು ಕಾಣುತ್ತದೆ. ಗೊರಸಿನ ತುದಿ ನೆಲ ಕೆರೆದ ಗುರುತೂ ಸಾಕ್ಷಿಯೇ. ಹೀಗೆ ಕೂಡಿಟ್ಟ ತುಣುಕುಗಳನ್ನು ತಾರೀಖು ತೆಗೆದು, ಹಿಂದುಮುಂದು ಮಾಡಿ ನಮ್ಮ ಪಶುವೈದ್ಯರಿಗೆ ಕಳಿಸಿದೆ. ಯಾವುದು ಪುಡಿ ಕೊಟ್ಟ ತಿಂಗಳಿನದು, ಯಾವುದು ಕೊಡದ ತಿಂಗಳಿನದು ಅವರಿಗೆ ತಿಳಿಯದಂತೆ.

ಪುಡಿಯ ತಿಂಗಳುಗಳನ್ನು ಅವರು ಗುರುತಿಸಲಿಲ್ಲ. ಅವರು ಸರಿಯಾಗಿ ಗುರುತಿಸಿದ್ದು ಗೊರಸು ಕತ್ತರಿಸುವುದು ತಡವಾದ ವಾರಗಳನ್ನು. ಗೊರಸಿನ ಮುಂದಿನ ತುದಿ ಉದ್ದ ಬೆಳೆದರೆ ಕಾಲು ಎತ್ತಿ ತಿರುವುವಾಗ ಮೇಲಿನ ಕೀಲುಗಳ ಮೇಲೆಲ್ಲ ಎಳೆತ ಬೀಳುತ್ತದೆ. ಅಲ್ಲಿಂದ ಲಾಳ ಹೊಡೆಯುವವರನ್ನು ಆರು ವಾರಕ್ಕೆ ತಪ್ಪದೆ ಕರೆಸುತ್ತೇನೆ. ಪುಡಿ ನಿಲ್ಲಿಸಿದೆ, ನನ್ನ ಮಾತ್ರೆಯನ್ನೂ ವೈದ್ಯರಿಗೆ ಹೇಳಿ ನಿಲ್ಲಿಸಿದೆ. ಯಾರಿಗಾದರೂ ಅದರಿಂದ ಗುಣ ಕಂಡಿದ್ದರೆ ನಾನು ಬೇಡವೆನ್ನುವುದಿಲ್ಲ, ವಿಡಿಯೋ ತೆಗೆದು ನೋಡಿ ಎನ್ನುತ್ತೇನೆ.

ಪೂರಕಗಳಲ್ಲಿ ಹೆಚ್ಚಿನವರು ಕಳೆದುಕೊಳ್ಳುವುದು ಹಣ. ನೋವಿನ ಔಷಧಗಳ ಮಾತು ಬೇರೆ, ಇಲ್ಲಿ ನಾನು ಬಹಳ ಕಟ್ಟುನಿಟ್ಟು. ಕುದುರೆ ಸಾಕುವವರೆಲ್ಲ ಬ್ಯೂಟ್ ಎನ್ನುವ ಫೀನೈಲ್‌ಬ್ಯೂಟಜೋನ್ 1949ರಲ್ಲಿ ಬಂದಿದ್ದು ಮನುಷ್ಯರ ಸಂಧಿವಾತಕ್ಕೆ. ಮೂಳೆಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಿ ಸಾವಿಗೂ ಕಾರಣವಾದದ್ದರಿಂದ ಹಲವು ದೇಶಗಳು ಮನುಷ್ಯರಿಗೆ ಕೊಡುವುದನ್ನು ಬಿಟ್ಟವು. ಕುದುರೆಗಳಲ್ಲಿ ಇಂದಿಗೂ ಅದೇ ಮುಖ್ಯ ನೋವಿನ ಔಷಧ. ಬೆನ್ನು ಹಿಡಿದಾಗ ಕುದುರೆಯ ಬ್ಯೂಟ್ ಪೇಸ್ಟಿನಿಂದ ಒಂದು ಗೆರೆ ನೆಕ್ಕಿದೆ ಎಂದು ಹೇಳುವ ಸವಾರರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ. ಆ ರಕ್ತದ ತೊಂದರೆ ಯಾರಿಗೆ ಬರುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ನಾನು ಅದನ್ನು ಕೊಡುವಾಗಲೂ ಕೈಗವಸು ಹಾಕುತ್ತೇನೆ, ಆಮೇಲೆ ಸೋಪಿನಲ್ಲಿ ಕೈ ತೊಳೆಯುತ್ತೇನೆ.

ಕುದುರೆಗೂ ಅದು ಬೆಣ್ಣೆಯಲ್ಲ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಿರುತ್ತದೆ, ತಿಂದಿದ್ದನ್ನು ವಾಂತಿ ಮಾಡಿ ಹೊರಹಾಕಲು ಅದಕ್ಕೆ ಆಗುವುದಿಲ್ಲ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಹೊಟ್ಟೆಯಲ್ಲಿ ಹುಣ್ಣು, ದೊಡ್ಡ ಕರುಳಿನ ಬಲಭಾಗದಲ್ಲಿ ಉರಿಯೂತ, ನೀರು ಕಡಿಮೆ ಕುಡಿದ ದಿನ ಮೂತ್ರಪಿಂಡಕ್ಕೆ ಏಟು. ಹಾಗಾಗಿ ನಮ್ಮ ಮನೆಯ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳು ಲಾಯದೊಳಗೆ ಹೋಗುವುದೇ ಇಲ್ಲ. ಬ್ಯೂಟ್ ಕೊಡುತ್ತಿರುವಾಗ ಅದೇ ಜಾತಿಯ ಇನ್ನೊಂದನ್ನು ಸೇರಿಸಿದರೆ ನೋವು ಇಳಿಯುವುದಕ್ಕಿಂತ ಹುಣ್ಣು ಬೇಗ ಬರುತ್ತದೆ. ಹಚ್ಚುವ ಡೈಕ್ಲೋಫೆನಾಕ್ ಮುಲಾಮು ಕುದುರೆಗೆಂದೇ ಸಿಗುವ ಕಡೆಗಳಿವೆ. ಅದನ್ನೂ ವೈದ್ಯರನ್ನು ಕೇಳಿಯೇ ಹಚ್ಚಬೇಕು.

ಹಚ್ಚುವ ಔಷಧಗಳಲ್ಲಿ ನನಗೆ ಹೆಚ್ಚು ಭಯವಿರುವುದು ಡಿಎಂಎಸ್ಒ ಮೇಲೆ. ಕಾಗದಕ್ಕೆಂದು ಮರದ ತಿರುಳು ಮಾಡುವಾಗ ಸಿಗುವ ದ್ರಾವಕ ಇದು. ಅಮೆರಿಕದಲ್ಲಿ 1970ರಲ್ಲಿ ಕುದುರೆಗಳ ಪೆಟ್ಟಿನ ಊತಕ್ಕೆ ಒಪ್ಪಿಗೆ ಸಿಕ್ಕಿತು, ಮನುಷ್ಯರಿಗೆ 1978ರಲ್ಲಿ ಸಿಕ್ಕಿದ್ದು ಮೂತ್ರಕೋಶದ ಒಂದು ಕಾಯಿಲೆಗೆ. ಚರ್ಮದ ಮೇಲೆ ಬಿದ್ದರೆ ಕ್ಷಣದಲ್ಲಿ ಒಳಗಿಳಿಯುತ್ತದೆ, ಸ್ವಲ್ಪ ಹೊತ್ತಿಗೆ ಉಸಿರಿನಲ್ಲೇ ಬೆಳ್ಳುಳ್ಳಿ ವಾಸನೆ. ತಾನೊಂದೇ ಇಳಿಯುವುದೂ ಇಲ್ಲ, ಚರ್ಮದ ಮೇಲಿದ್ದ ಕೀಟನಾಶಕವನ್ನೋ ಬೇರೆ ಮುಲಾಮನ್ನೋ ಜೊತೆಗೆ ಕರೆದೊಯ್ಯುತ್ತದೆ. ಲಾಯದಲ್ಲಿ ಕೆಲಸ ಮಾಡುವ ಕೈ ಯಾವತ್ತು ಶುದ್ಧವಾಗಿರುತ್ತದೆ?

ಕ್ಯಾಪ್ಸೈಸಿನ್ ಮುಲಾಮಿನ ಅಪಾಯ ಬೇರೆ ಥರ. ಮೆಣಸಿನಕಾಯಿಯ ಖಾರದ ಆ ಅಂಶ ನಮ್ಮ ಮಂಡಿಗೆ ಒಳ್ಳೆಯದೇ. ಆದರೆ ಸ್ಪರ್ಧೆಯ ಕುದುರೆಗೆ ಅದು ನಿಷಿದ್ಧ, ಚರ್ಮವನ್ನು ಉರಿಗೆ ಸೂಕ್ಷ್ಮವಾಗಿಸಿ ಎತ್ತರ ಹಾರಿಸಲು ಬಳಸಬಹುದಾದ್ದರಿಂದ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದಾಗ ಹಲವು ಕುದುರೆಗಳ ಪರೀಕ್ಷೆಯಲ್ಲಿ ಇದು ಸಿಕ್ಕಿ, ನಾರ್ವೆ ತಂಡ ಕಂಚಿನ ಪದಕ ಕಳೆದುಕೊಂಡಿತು. ಸವಾರರು ಸ್ವಂತ ಮಂಡಿಗೆ ಹಚ್ಚಿಕೊಂಡು ಅದೇ ಕೈಯಲ್ಲಿ ಕುದುರೆಯ ಕಾಲು ಉಜ್ಜಿದರೂ ಅಂಟುತ್ತದೆ. ನನ್ನ ಮುಲಾಮು ಮಲಗುವ ಕೋಣೆಯಲ್ಲಿದೆ, ರಾತ್ರಿ ಮಾತ್ರ ಹಚ್ಚುತ್ತೇನೆ.

ಇಬ್ಬರೂ ನಿಶ್ಚಿಂತೆಯಿಂದ ಹಂಚಿಕೊಳ್ಳುವುದು ನೀರು, ನಡಿಗೆ ಮತ್ತು ತೂಕದ ಶಿಸ್ತು. ಕಾಲು ಊದಿದ ದಿನ ಪೈಪಿನ ತಣ್ಣೀರು 15ರಿಂದ 20 ನಿಮಿಷ ಅವಳ ಕಾಲಿಗೆ, ಆಮೇಲೆ ನನ್ನ ಮಂಡಿಗೂ. ಅವಳನ್ನು ಲಾಯದಲ್ಲಿ ಕಟ್ಟಿಹಾಕುವುದನ್ನು ಬಿಟ್ಟು ಹಗಲೆಲ್ಲ ಬಯಲಿಗೆ ಬಿಟ್ಟ ಮೇಲೆ ಬೆಳಗಿನ ಬಿಗಿತ ಎದ್ದು ಕಾಣುವಷ್ಟು ಇಳಿಯಿತು. ಜೀನು ಹಾಕುವ ಮೊದಲು ಕಾಲು ಗಂಟೆ ಇಬ್ಬರೂ ಪಕ್ಕಪಕ್ಕ ನಡೆಯುತ್ತೇವೆ. ಮಂಡಿ ಸವೆದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ, ನಾನು ಇಳಿಸಿದ ತೂಕ ಅವಳ ಬೆನ್ನಿನ ಮೇಲಿಂದಲೂ ಇಳಿದಂತೆ. ಅವಳನ್ನು ಕುದುರೆಯ ಮೈಕೊಬ್ಬು ಅಂದಾಜಿಸುವ ಹೆನ್ನೆಕೆಯವರ ಒಂದರಿಂದ ಒಂಬತ್ತರ ಅಳತೆಯಲ್ಲಿ ಐದರ ಹತ್ತಿರ ಇರುವಂತೆ ಕಾಯುತ್ತೇನೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು.

ಬ್ಯೂಟ್ ಈಗ ಬೇಕಾಗುವುದು ಲಾಳದ ದಿನ ಮಾತ್ರ. ಹಿಂಗಾಲನ್ನು ಅಷ್ಟು ಹೊತ್ತು ಮಡಚಿ ನಿಲ್ಲುವುದು ಅವಳಿಗೆ ಕಷ್ಟ. ಪಶುವೈದ್ಯರು ಹೇಳಿದ ಪ್ರಮಾಣ ಹುಲ್ಲು ತಿಂದ ಮೇಲೆ ಕೊಟ್ಟು, ಕೊಟ್ಟ ಹೊತ್ತನ್ನು ಲಾಯದ ಬಾಗಿಲಿನ ಹಲಗೆಯ ಮೇಲೆ ಬರೆಯುತ್ತೇನೆ. ನಾನಿಲ್ಲದಾಗ ಬಂದವರು ಇನ್ನೊಮ್ಮೆ ಕೊಡಬಾರದಲ್ಲ. ಮೇವು ಬಿಟ್ಟರೆ, ಹಲ್ಲು ಕಡಿದರೆ, ಲದ್ದಿ ತೆಳುವಾದರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡುತ್ತೇನೆ.